ಸ್ಟೆಂಟ್ ಕೂರುವ ಮೊದಲು: ಓದುಗರ ಪ್ರಶ್ನೆಗಳಿಗೆ ಹೃದಯ ತಜ್ಞರ ಉತ್ತರ

ಕಳೆದ ಸಂಚಿಕೆಯಲ್ಲಿ ಔಷಧ ಲೇಪಿತ ಸ್ಟೆಂಟುಗಳ ಬಗ್ಗೆ ಪ್ರಕಟವಾದ ಉತ್ತರವನ್ನು ಓದಿ ಮುಂಬಯಿ, ಪುಣೆ ಮತ್ತು ಗೋವಾದ ಕನ್ನಡಿಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಸ್ಟೆಂಟ್ ಹಾಕುವ ಮೊದಲು ಕಿರಿದಾದ ರಕ್ತನಾಳವನ್ನು ಸಿದ್ಧಪಡಿಸುವ ಕೆಲಸ ಎಂದರೇನು, ಅದು ಎಲ್ಲರಿಗೂ ಬೇಕೇ ಎಂಬುದೇ ಆ ವಿಷಯ. ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಬರೆದವರ ಹೆಸರು ಕೊಟ್ಟಿಲ್ಲ.

ಪ್ರಶ್ನೆ: ನನಗೆ 68 ವರ್ಷ. ಬ್ಯಾಂಕಿನಿಂದ ನಿವೃತ್ತನಾಗಿ ಡೊಂಬಿವಲಿಯಲ್ಲಿದ್ದೇನೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ರೈಲ್ವೆ ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಹಿಡಿದಂತಾಗುತ್ತಿತ್ತು. ಆಂಜಿಯೋಗ್ರಾಫಿ ಮಾಡಿದಾಗ ಎಡಭಾಗದ ಮುಖ್ಯ ನಾಳದಲ್ಲಿ ಶೇಕಡಾ 90ರಷ್ಟು ಬ್ಲಾಕ್ ಇದೆ, ಅದರಲ್ಲಿ ಕ್ಯಾಲ್ಸಿಯಂ ತುಂಬಿದೆ, ನೇರವಾಗಿ ಸ್ಟೆಂಟ್ ಹಾಕಲು ಬರುವುದಿಲ್ಲ, ಮೊದಲು ‘ರೋಟಾ’ ಅಥವಾ ‘ಶಾಕ್‌ವೇವ್’ ಮಾಡಬೇಕಾಗುತ್ತದೆ ಎಂದರು. ಇನ್ನೊಂದು ಕಡೆ ವಿಚಾರಿಸಿದರೆ, ಅದೆಲ್ಲ ಏನೂ ಬೇಡ, ಅರ್ಧ ಗಂಟೆಯಲ್ಲಿ ಸ್ಟೆಂಟ್ ಕೂರಿಸಿ ಕಳುಹಿಸುತ್ತೇವೆ ಎನ್ನುತ್ತಾರೆ. ಮೊದಲಿನವರು ಬಿಲ್ ಹೆಚ್ಚಿಸಲು ಹೀಗೆ ಹೇಳುತ್ತಿದ್ದಾರೆಯೇ? ಯಾರ ಮಾತು ನಂಬಲಿ?

ಉತ್ತರ: ದುಬಾರಿ ಉಪಕರಣದ ಹೆಸರು ಕಿವಿಗೆ ಬಿದ್ದೊಡನೆ ಬಿಲ್ಲಿನ ಯೋಚನೆ ಬರುವುದು ಸಹಜ. ನಿಮ್ಮ ಆಂಜಿಯೋಗ್ರಾಫಿಯ ಚಿತ್ರಗಳನ್ನು ನೋಡದೆ ಪತ್ರದ ಆಧಾರದ ಮೇಲೆ ತೀರ್ಪು ಕೊಡುವಂತೆಯೂ ಇಲ್ಲ. ಆದರೂ ವಯಸ್ಸು, ದೀರ್ಘಕಾಲದ ಸಕ್ಕರೆ ಕಾಯಿಲೆ, ಎಕ್ಸ್‌ರೇಯಲ್ಲೇ ಕಾಣುವಷ್ಟು ಕ್ಯಾಲ್ಸಿಯಂ, ಈ ಮೂರೂ ಕೂಡಿರುವಾಗ ಮೊದಲ ವೈದ್ಯರ ಮಾತಿನಲ್ಲಿ ಹುರುಳಿದೆ ಎಂದೇ ನನಗೆ ತೋರುತ್ತದೆ.

ಸ್ಟೆಂಟ್ ಎಂಬುದು ಲೋಹದ ಜಾಲರಿಯ ಪುಟ್ಟ ಕೊಳವೆ. ಈಗ ಬಳಕೆಯಲ್ಲಿರುವ ಬಹುತೇಕ ಔಷಧ ಲೇಪಿತ ಸ್ಟೆಂಟುಗಳಲ್ಲಿ ಆ ಜಾಲರಿಯ ಎಳೆಯ ದಪ್ಪ 0.1 ಮಿಲಿಮೀಟರಿಗಿಂತ ಕಡಿಮೆ. ಹೃದಯದ ನಾಳಗಳಲ್ಲಿ ಅದು ತಾನಾಗಿ ಅರಳುವುದಿಲ್ಲ. ಅದರೊಳಗೆ ಮಡಿಸಿಟ್ಟ ಬಲೂನನ್ನು ಉಬ್ಬಿಸಿದಾಗ ಅರಳಿ ನಾಳದ ಗೋಡೆಗೆ ಒತ್ತಿಕೊಳ್ಳುತ್ತದೆ. ಬ್ಲಾಕಿನಲ್ಲಿ ಇರುವುದು ಕೊಬ್ಬು ಮತ್ತು ಮೆದು ಅಂಗಾಂಶವಾದರೆ ಈ ಒತ್ತಡಕ್ಕೆ ಸರಿದು ಜಾಗ ಬಿಡುತ್ತದೆ. ಗೋಡೆಯ ಸುತ್ತಲೂ ಕ್ಯಾಲ್ಸಿಯಂ ದಪ್ಪವಾಗಿ ಕಟ್ಟಿಕೊಂಡಿದ್ದರೆ ಹಾಗಾಗುವುದಿಲ್ಲ. ಕ್ಯಾಥ್ ಲ್ಯಾಬಿನ ಪರದೆಯ ಮೇಲೆ ಇದು ಬರಿಗಣ್ಣಿಗೇ ಕಾಣುತ್ತದೆ. ಬಲೂನಿನ ಎರಡು ತುದಿಗಳು ತುಂಬಿ ಉಬ್ಬಿರುತ್ತವೆ, ನಡುವೆ ಮಾತ್ರ ಸೊಂಟ ಸಣ್ಣಗೆ ಉಳಿದಿರುತ್ತದೆ. ಒತ್ತಡವನ್ನು 12ರಿಂದ 16ಕ್ಕೆ, 16ರಿಂದ 20 ಅಟ್ಮಾಸ್ಫಿಯರಿಗೆ ಏರಿಸಿದರೂ ಆ ಸೊಂಟ ಬಿಡುವುದಿಲ್ಲ. ಬರಿಯ ಬಲೂನಿನಲ್ಲಿ ಹೀಗೆ ಕಂಡರೆ ಅದನ್ನು ಹೊರತೆಗೆದು ಬೇರೆ ದಾರಿ ಯೋಚಿಸಬಹುದು. ಅದೇ ಜಾಗದಲ್ಲಿ ಸ್ಟೆಂಟನ್ನೇ ಅರಳಿಸಿ ಸೊಂಟ ಉಳಿದರೆ ಹಿಂದಕ್ಕೆ ಎಳೆದುಕೊಳ್ಳಲು ಬರುವುದಿಲ್ಲ, ಅದು ಅರೆ ಅರಳಿದ ಸ್ಥಿತಿಯಲ್ಲೇ ಅಲ್ಲಿ ಉಳಿಯುತ್ತದೆ.

ಸ್ಟೆಂಟಿಗೆ ಔಷಧವಿದೆಯಲ್ಲ, ಅದು ನೋಡಿಕೊಳ್ಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಔಷಧದ ಕೆಲಸವೇ ಬೇರೆ. 1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ಮೊದಲ ಬಾರಿಗೆ ಬಲೂನಿನಿಂದ ಹೃದಯದ ನಾಳವನ್ನು ಹಿಗ್ಗಿಸಿದ ಮೇಲೆ, ಹಿಗ್ಗಿಸಿದ ಜಾಗ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುವ ತೊಂದರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಾಣಿಸುತ್ತಿತ್ತು. 1986ರಲ್ಲಿ ಲೋಹದ ಸ್ಟೆಂಟ್ ಬಂದು ಅದನ್ನು ತಗ್ಗಿಸಿತು, ಆದರೆ ಗಾಯಗೊಂಡ ಗೋಡೆಯ ಜೀವಕೋಶಗಳು ಜಾಲರಿಯ ಒಳಕ್ಕೆ ಬೆಳೆದು ಬರುವುದು ನಿಲ್ಲಲಿಲ್ಲ. 2002–03ರಲ್ಲಿ ಬಳಕೆಗೆ ಬಂದ ಔಷಧ ಲೇಪಿತ ಸ್ಟೆಂಟುಗಳು ಈ ಬೆಳವಣಿಗೆಯನ್ನು ತಡೆಯುತ್ತವೆ. ಸಿರೊಲಿಮಸ್, ಎವೆರೊಲಿಮಸ್, ಜೊಟಾರೊಲಿಮಸ್ ಮೊದಲಾದವು ಆ ಔಷಧಗಳು. ಆದರೆ ಸರಿಯಾಗಿ ಅರಳದ ಲೋಹವನ್ನು ಯಾವ ಔಷಧವೂ ಅರಳಿಸಲಾರದು. ಅರೆ ಅರಳಿದ ಸ್ಟೆಂಟಿನಲ್ಲಿ ಎರಡು ಅಪಾಯಗಳಿವೆ: ಒಳಗಿನ ದಾರಿ ಮೊದಲೇ ಕಿರಿದಾಗಿರುವುದರಿಂದ ಸ್ವಲ್ಪ ಅಂಗಾಂಶ ಬೆಳೆದರೂ ಮತ್ತೆ ಬ್ಲಾಕ್ ಆಗುತ್ತದೆ, ಮತ್ತು ರಕ್ತದ ಹರಿವು ಕೆಟ್ಟು ಒಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಇದಲ್ಲದೆ ಒರಟಾದ ಕ್ಯಾಲ್ಸಿಯಂ ನಡುವೆ ಸ್ಟೆಂಟನ್ನು ಬಲವಂತವಾಗಿ ತಳ್ಳಿದರೆ ಅದರ ಮೇಲಿನ ಲೇಪನವೇ ಕಿತ್ತುಹೋಗುವ ಸಾಧ್ಯತೆಯೂ ಇದೆ.

ಹಾಗಾದರೆ ಎಷ್ಟು ಕ್ಯಾಲ್ಸಿಯಂ ಇದ್ದರೆ ಸಿದ್ಧತೆ ಬೇಕು? ಇದಕ್ಕೆ ಉತ್ತರ ಕೊಡಲು ಆಂಜಿಯೋಗ್ರಾಫಿಗೆ ಶಕ್ತಿ ಸಾಲದು. ಅದರಲ್ಲಿ ಕಾಣುವುದು ನಾಳದೊಳಗಿನ ದಾರಿಯ ನೆರಳು, ಗೋಡೆಯಲ್ಲ. 1995ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ನಾಳದೊಳಗಿನ ಅಲ್ಟ್ರಾಸೌಂಡಿಗೆ ಶೇಕಡಾ 73ರಷ್ಟು ಬ್ಲಾಕುಗಳಲ್ಲಿ ಕ್ಯಾಲ್ಸಿಯಂ ಸಿಕ್ಕಿದರೆ, ಆಂಜಿಯೋಗ್ರಾಫಿಗೆ ಕಂಡದ್ದು ಶೇಕಡಾ 38ರಲ್ಲಿ ಮಾತ್ರ. ಆದ್ದರಿಂದ ‘ಐವಸ್’ ಎಂದು ಕರೆಯುವ ಈ ಅಲ್ಟ್ರಾಸೌಂಡ್ ತಂತಿಯನ್ನೋ, ಬೆಳಕಿನ ಕಿರಣದಿಂದ ಚಿತ್ರ ತೆಗೆಯುವ ‘ಓಸಿಟಿ’ ತಂತಿಯನ್ನೋ ಬ್ಲಾಕಿನ ಒಳಗಿನಿಂದ ಎಳೆದು ನೋಡುತ್ತಾರೆ. ಓಸಿಟಿಯಲ್ಲಿ ಕ್ಯಾಲ್ಸಿಯಂ ನಾಳದ ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆವರಿಸಿದ್ದು, ದಪ್ಪ 0.5 ಮಿಲಿಮೀಟರನ್ನೂ ಉದ್ದ 5 ಮಿಲಿಮೀಟರನ್ನೂ ಮೀರಿದ್ದರೆ ಬರಿಯ ಬಲೂನಿನಿಂದ ಸ್ಟೆಂಟ್ ಪೂರ್ತಿ ಅರಳುವ ಭರವಸೆ ಇರುವುದಿಲ್ಲ.

ಈಗ ಉಪಕರಣಗಳ ಮಾತು. ಸಾಧಾರಣ ಕ್ಯಾಲ್ಸಿಯಂ ಇದ್ದರೆ ಹೆಚ್ಚು ಒತ್ತಡ ತಡೆದುಕೊಳ್ಳುವ, ಹಿಗ್ಗದ ಗಟ್ಟಿ ಬಲೂನೇ ಸಾಕಾಗುತ್ತದೆ. ಅದರ ಮೇಲೆ ಸಣ್ಣ ಅಲಗುಗಳನ್ನೋ ತಂತಿಗಳನ್ನೋ ಕೂರಿಸಿದ ಕಟಿಂಗ್ ಮತ್ತು ಸ್ಕೋರಿಂಗ್ ಬಲೂನುಗಳು ಗೋಡೆಯಲ್ಲಿ ಗೆರೆ ಕೊರೆದು ಹಿಗ್ಗಲು ಅನುವು ಮಾಡುತ್ತವೆ. ಬಲೂನೇ ದಾಟಲಾರದಷ್ಟು ಬಿಗಿಯಾದ, ಒಳಮೈಯಲ್ಲೇ ಕ್ಯಾಲ್ಸಿಯಂ ಇರುವ ಜಾಗಕ್ಕೆ ರೋಟಾ. ಅದು ವಜ್ರದ ಕಣಗಳನ್ನು ಹೊದಿಸಿದ, 1.25 ಮಿಲಿಮೀಟರಿನಿಂದ ಆರಂಭವಾಗುವ ಅಳತೆಗಳಲ್ಲಿ ಸಿಗುವ ಪುಟ್ಟ ತುದಿ; ಕೂದಲೆಳೆಯಂಥ ತಂತಿಯ ಮೇಲೆ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಕ್ಷೌರಿಕನ ಕತ್ತಿಗೆ ಗಡ್ಡ ಸಿಕ್ಕಿ ಮೆತ್ತಗಿನ ಚರ್ಮ ಸರಿದುಕೊಳ್ಳುವ ಹಾಗೆ, ಗಟ್ಟಿಯಾದ ಕ್ಯಾಲ್ಸಿಯಂ ಸವೆಯುತ್ತದೆ, ಮೆದುವಾದ ಗೋಡೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಸವೆದ ಪುಡಿಯ ಬಹುಭಾಗ ರಕ್ತಕಣಕ್ಕಿಂತ ಸಣ್ಣದಾಗಿದ್ದು ರಕ್ತದೊಂದಿಗೆ ಹರಿದುಹೋಗುತ್ತದೆ. ವೈದ್ಯರು ತುದಿಯನ್ನು ಒಂದೇ ಸಮನೆ ನೂಕದೆ, ತಾಗಿಸಿ ಹಿಂದೆಗೆದು ಮತ್ತೆ ತಾಗಿಸುತ್ತ, ಒಂದೊಂದು ಸಲಕ್ಕೆ ಕೆಲವೇ ಸೆಕೆಂಡು ಓಡಿಸುತ್ತಾರೆ. ಯಂತ್ರದ ದನಿ ಇಳಿದರೆ ತುದಿ ಸಿಕ್ಕಿಕೊಳ್ಳುತ್ತಿದೆ ಎಂದು ಅರ್ಥ, ಕೂಡಲೇ ಹಿಂದೆಗೆಯಬೇಕು. ಹಾಗಾಗಿ ಈ ಕೆಲಸದಲ್ಲಿ ಕಣ್ಣಿನಷ್ಟೇ ಕಿವಿಯೂ ಬೇಕು, ಪಳಗಿದ ಕೈಯೂ ಬೇಕು.

ಶಾಕ್‌ವೇವ್ ಎಂದು ಜನ ಕರೆಯುವುದು ಮೂತ್ರಪಿಂಡದ ಕಲ್ಲು ಒಡೆಯುವ ತತ್ವವನ್ನೇ ನಾಳದೊಳಕ್ಕೆ ತಂದ ವಿಧಾನ. ಬಲೂನನ್ನು ಕೇವಲ 4 ಅಟ್ಮಾಸ್ಫಿಯರಿನಷ್ಟು ಮೆಲ್ಲಗೆ ಉಬ್ಬಿಸಿ, ಅದರೊಳಗಿನ ದ್ರವದಲ್ಲಿ ವಿದ್ಯುತ್ ಕಿಡಿ ಹಾರಿಸಿದಾಗ ಹೊಮ್ಮುವ ಒತ್ತಡದ ಅಲೆ ಮೆದು ಅಂಗಾಂಶವನ್ನು ದಾಟಿ ಆಳದಲ್ಲಿರುವ ಕ್ಯಾಲ್ಸಿಯಮ್ಮನ್ನೂ ಬಿರುಕುಗೊಳಿಸುತ್ತದೆ. ಅಮೆರಿಕದಲ್ಲಿ ಹೃದಯದ ನಾಳಗಳಿಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ರೋಟಾಕ್ಕಿಂತ ಇದನ್ನು ಕಲಿಯುವುದು ಸುಲಭ, ಆದರೆ ಬಲೂನು ಬ್ಲಾಕಿನೊಳಕ್ಕೆ ಹೋಗುವಷ್ಟು ದಾರಿ ಇರಬೇಕು. ದಾರಿಯೇ ಇಲ್ಲದಿದ್ದರೆ ಮೊದಲು ಸಣ್ಣ ರೋಟಾ, ನಂತರ ಶಾಕ್‌ವೇವ್ ಎಂದು ಎರಡನ್ನೂ ಬಳಸುವ ಪ್ರಸಂಗಗಳಿವೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕ್ಯಾಲ್ಸಿಯಂ ಕಂಡವರಿಗೆಲ್ಲ ಸವೆಸುವ ಯಂತ್ರ ಹಚ್ಚಿದರೆ ಲಾಭ ಹೆಚ್ಚುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. 2013ರಲ್ಲಿ ಪ್ರಕಟವಾದ ರೋಟಾಕ್ಸಸ್ ಅಧ್ಯಯನದಲ್ಲಿ ರೋಟಾ ಮಾಡಿಸಿಕೊಂಡವರಲ್ಲಿ ಸ್ಟೆಂಟ್ ಕೂರಿಸುವ ಕೆಲಸ ಸಲೀಸಾಯಿತು, ಆದರೆ ಒಂಬತ್ತು ತಿಂಗಳ ನಂತರ ನಾಳ ಕಿರಿದಾಗುವುದು ಕಡಿಮೆಯಾಗಲಿಲ್ಲ. ಅಮೆರಿಕದಲ್ಲಿ ಸುಮಾರು 2000 ರೋಗಿಗಳ ಮೇಲೆ ನಡೆದು 2024ರಲ್ಲಿ ಫಲಿತಾಂಶ ಹೊರಬಿದ್ದ ಎಕ್ಲಿಪ್ಸ್ ಅಧ್ಯಯನದಲ್ಲಿಯೂ, ಕಕ್ಷೆಯಲ್ಲಿ ತಿರುಗುತ್ತ ಕ್ಯಾಲ್ಸಿಯಂ ಸವೆಸುವ ಇನ್ನೊಂದು ಯಂತ್ರಕ್ಕೂ ಬರಿಯ ಬಲೂನಿಗೂ ಒಂದು ವರ್ಷದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಲೂನು ಪೂರ್ತಿ ಅರಳುವ ಕಡೆ ಬಲೂನು ಸಾಕು, ಅರಳದ ಕಡೆ ಮಾತ್ರ ಮೇಲಿನ ಉಪಕರಣ ಬೇಕು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಆದ್ದರಿಂದ ಇಬ್ಬರು ವೈದ್ಯರಿಗೂ ಒಂದೇ ಪ್ರಶ್ನೆ ಕೇಳಿ: ಬಲೂನು ಪೂರ್ತಿ ಅರಳದಿದ್ದರೆ ಮುಂದೇನು ಮಾಡುತ್ತೀರಿ, ಅದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಲ್ಯಾಬಿನಲ್ಲಿ ಇದೆಯೇ? ಐವಸ್ ಅಥವಾ ಓಸಿಟಿ ನೋಡಿ ನಿರ್ಧರಿಸುತ್ತೇನೆ, ಬೇಕಾದರೆ ರೋಟಾ ತೆಗೆಯುತ್ತೇನೆ, ಬೇಡವಾದರೆ ಬಿಡುತ್ತೇನೆ ಎಂದು ಹೇಳುವವರನ್ನು ನಾನಾಗಿದ್ದರೆ ಆರಿಸಿಕೊಳ್ಳುತ್ತಿದ್ದೆ. ನೋಡುವುದಕ್ಕೂ ಮೊದಲೇ ಅರ್ಧ ಗಂಟೆಯ ಲೆಕ್ಕ ಕೊಡುವವರ ಮಾತಿನ ಮೇಲೆ ನನಗೆ ಅಷ್ಟು ಭರವಸೆ ಇಲ್ಲ. ಲೋಕಲ್ ರೈಲಿನ ಊರಿನಲ್ಲಿ ಎಲ್ಲಕ್ಕೂ ಅವಸರವಿರಬಹುದು, ಈ ಒಂದು ಕೆಲಸಕ್ಕೆ ಬೇಡ. ಕೊನೆಯದಾಗಿ, ನಿಮಗೆ ಸಕ್ಕರೆ ಕಾಯಿಲೆ ಇರುವುದರಿಂದ ಉಳಿದ ನಾಳಗಳಲ್ಲೂ ದೊಡ್ಡ ಬ್ಲಾಕುಗಳಿದ್ದರೆ ಬೈಪಾಸ್ ಶಸ್ತ್ರಚಿಕಿತ್ಸೆಯೇ ಹೆಚ್ಚು ಬಾಳಿಕೆಯದು ಎಂದು 2012ರ ಫ್ರೀಡಂ ಅಧ್ಯಯನ ತೋರಿಸಿದೆ. ಬ್ಲಾಕ್ ಒಂದೇ ನಾಳದಲ್ಲಿದೆಯೇ ಎಂಬುದನ್ನು ನೀವು ಬರೆದಿಲ್ಲ. ಅದನ್ನು ವಿಚಾರಿಸಿ, ಶಸ್ತ್ರಚಿಕಿತ್ಸಕರ ಅಭಿಪ್ರಾಯವನ್ನೂ ಪಡೆಯಿರಿ.

ಪ್ರಶ್ನೆ: ಪುಣೆಯ ನಿಗಡಿಯಲ್ಲಿರುವ ನಮ್ಮ ಅಣ್ಣನವರಿಗೆ ಹೋದ ವರ್ಷ ಸ್ಟೆಂಟ್ ಹಾಕಿದರು. ಎಂಟು ತಿಂಗಳಲ್ಲಿ ಮತ್ತೆ ಎದೆನೋವು. ಈಗ ಬೇರೆ ಆಸ್ಪತ್ರೆಯಲ್ಲಿ, ಸ್ಟೆಂಟ್ ನಡುವೆ ಅರಳಿಯೇ ಇಲ್ಲ ಎನ್ನುತ್ತಾರೆ. ಅದನ್ನು ತೆಗೆದು ಹೊಸದನ್ನು ಹಾಕಬಹುದೇ?

ಉತ್ತರ: ತೆಗೆಯಲು ಬರುವುದಿಲ್ಲ; ತಿಂಗಳುಗಳು ಕಳೆದ ಮೇಲೆ ಜಾಲರಿ ನಾಳದ ಗೋಡೆಯಲ್ಲಿ ಹೂತುಹೋಗಿರುತ್ತದೆ. ಇದ್ದಲ್ಲಿಯೇ ಅದನ್ನು ಹಿಗ್ಗಿಸುವ ಪ್ರಯತ್ನ ಮಾಡಬೇಕು. ಅದಕ್ಕೂ ಮೊದಲು ಐವಸ್ ಅಥವಾ ಓಸಿಟಿ ಮಾಡಿಸಲೇಬೇಕು. ಸ್ಟೆಂಟ್ ಅರಳದಿರುವುದು ಒಂದು ಕಾರಣ, ಅರಳಿದ ಸ್ಟೆಂಟಿನೊಳಗೆ ಅಂಗಾಂಶ ಬೆಳೆದಿರುವುದು ಇನ್ನೊಂದು, ಎರಡೂ ಸೇರಿರುವುದು ಮೂರನೆಯದು; ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಹೊರಗಿನ ಕ್ಯಾಲ್ಸಿಯಂ ಬಿಗಿಹಿಡಿದಿದ್ದರೆ ಮೊದಲು ಗಟ್ಟಿ ಬಲೂನಿನಿಂದ ಹೆಚ್ಚಿನ ಒತ್ತಡ ಕೊಟ್ಟು ನೋಡುತ್ತಾರೆ. 35 ಅಟ್ಮಾಸ್ಫಿಯರಿನವರೆಗೆ ತಾಳುವ ಎರಡು ಪದರದ ವಿಶೇಷ ಬಲೂನುಗಳೂ ಇವೆ. ಅದಕ್ಕೂ ಬಗ್ಗದಿದ್ದರೆ ಸ್ಟೆಂಟಿನ ಒಳಗಿನಿಂದಲೇ ಶಾಕ್‌ವೇವ್ ಕೊಟ್ಟು ಹೊರಗಿನ ಕ್ಯಾಲ್ಸಿಯಂ ಒಡೆಯುವುದುಂಟು. ಲೋಹವನ್ನೇ ರೋಟಾದಿಂದ ಸವೆಸುವುದು ತುದಿ ಸಿಕ್ಕಿಬೀಳುವ ಅಪಾಯವಿರುವ ಕೊನೆಯ ದಾರಿ, ಅದನ್ನು ಮಾಡುವವರು ಕಡಿಮೆ. ದಾರಿ ಹಿಗ್ಗಿದ ಮೇಲೆ ಔಷಧ ಸವರಿದ ಬಲೂನನ್ನು ಒತ್ತಿ ತೆಗೆಯುತ್ತಾರೆ ಅಥವಾ ಅಗತ್ಯವಿದ್ದರೆ ಒಳಗೆ ಇನ್ನೊಂದು ಸ್ಟೆಂಟ್ ಹಾಕುತ್ತಾರೆ. ಹಿಗ್ಗಿಸದೆ ಹಳೆಯದರೊಳಗೆ ಹೊಸ ಸ್ಟೆಂಟ್ ಹಾಕಲು ಯಾರಾದರೂ ಹೊರಟರೆ ಒಪ್ಪಬೇಡಿ, ಎರಡು ಪದರ ಲೋಹವಾಗಿ ದಾರಿ ಇನ್ನೂ ಕಿರಿದಾಗುತ್ತದೆ. ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡನ್ನೂ ಅಂದಿನ ಚಿತ್ರಗಳ ಸೀಡಿಯನ್ನೂ ಕೇಳಿ ತೆಗೆದುಕೊಳ್ಳಿ. ಯಾವ ಅಳತೆಯ ಸ್ಟೆಂಟ್, ಎಷ್ಟು ಒತ್ತಡ ಎಂಬುದು ಈಗಿನ ವೈದ್ಯರಿಗೆ ಬೇಕಾಗುತ್ತದೆ.

ಪ್ರಶ್ನೆ: ನಾವು ವಾಸ್ಕೋದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇವೆ. ಸ್ಟೆಂಟಿನ ಬೆಲೆಯನ್ನು ಸರ್ಕಾರ ಇಳಿಸಿದೆ ಎಂದು ಕೇಳಿದ್ದೆವು. ಆದರೆ ಯಜಮಾನರಿಗೆ ಕೊಟ್ಟ ಅಂದಾಜು ಪಟ್ಟಿಯಲ್ಲಿ ಸ್ಟೆಂಟಿಗಿಂತ ಬೇರೆ ಸಾಮಾನುಗಳ ಖರ್ಚೇ ಹೆಚ್ಚಿದೆ. ಇದು ಹೇಗೆ?

ಉತ್ತರ: ನೀವು ಕೇಳಿದ್ದು ನಿಜ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿಯ ಗರಿಷ್ಠ ಬೆಲೆ ನಿಗದಿ ಮಾಡಿತು. ಅಲ್ಲಿಂದೀಚೆಗೆ ಅದನ್ನು ಆಗಾಗ ಪರಿಷ್ಕರಿಸುತ್ತ ಬಂದಿದೆ. ಆದರೆ ಆ ಮಿತಿ ಸ್ಟೆಂಟಿಗೆ ಮಾತ್ರ. ರೋಟಾದ ತುದಿ, ಕಟಿಂಗ್ ಬಲೂನ್, ಐವಸ್ ತಂತಿ ಇವುಗಳ ಬೆಲೆ ಬೇರೆಯಾಗಿ ಸೇರುತ್ತದೆ, ಶಾಕ್‌ವೇವ್ ಬಲೂನಿನದಂತೂ ಸ್ಟೆಂಟಿನ ಬೆಲೆಯ ಹಲವು ಪಟ್ಟು. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಪ್ರತಿಯೊಂದನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ, ಮತ್ತು ಬಳಸದ ಸಾಮಗ್ರಿಯನ್ನು ಬಿಲ್ಲಿಗೆ ಹಾಕುವುದಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ. ಖರ್ಚು ಕಡಿತ ಮಾಡಲೇಬೇಕಾದರೆ ಐವಸ್ಸನ್ನು ಬಿಡಬೇಡಿ ಎಂದು ನನ್ನ ಸಲಹೆ. ಕಷ್ಟದ ಬ್ಲಾಕುಗಳಲ್ಲಿ ನಾಳದೊಳಗಿನ ಚಿತ್ರ ನೋಡಿಯೇ ಸ್ಟೆಂಟ್ ಹಾಕಬೇಕೆಂದು ಯುರೋಪಿನ ಹೃದ್ರೋಗ ಸಂಘದ 2024ರ ಮಾರ್ಗಸೂಚಿ ಬಲವಾಗಿ ಶಿಫಾರಸು ಮಾಡಿದೆ. ಎಷ್ಟೋ ಸಲ ಅದನ್ನು ನೋಡಿದ ಮೇಲೆ ದುಬಾರಿ ಉಪಕರಣ ಬೇಡವೆಂದೂ ಆಗುತ್ತದೆ.

ಗೋವಾದಲ್ಲಿ ಐದು ವರ್ಷಕ್ಕಿಂತ ಹೆಚ್ಚು ವಾಸವಿರುವವರಿಗೆ ದೀನ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಇದೆ. ಕರ್ನಾಟಕದಿಂದ ಬಂದು ನೆಲೆಸಿದ ಎಷ್ಟೋ ಕುಟುಂಬಗಳು ವಾಸದ ದಾಖಲೆ ಸರಿಮಾಡಿಕೊಳ್ಳದೆ ಇದರಿಂದ ಹೊರಗುಳಿದಿವೆ. ನಿಮ್ಮ ಕಾರ್ಡ್ ಇದೆಯೇ ನೋಡಿಕೊಳ್ಳಿ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಹೃದ್ರೋಗ ವಿಭಾಗದಲ್ಲಿಯೂ ಕಾಗದಪತ್ರ ತೋರಿಸಿ ಅಭಿಪ್ರಾಯ ಕೇಳಬಹುದು. ಮಹಾರಾಷ್ಟ್ರದ ಓದುಗರು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ವಿಚಾರಿಸಲಿ. ಎರಡು ಕಡೆಯೂ ಸ್ಟೆಂಟಿನ ಜೊತೆಗೆ ಸಿದ್ಧತೆಯ ಉಪಕರಣ ಸೇರಿದೆಯೇ ಎಂದು ಆಸ್ಪತ್ರೆಯ ಯೋಜನಾ ಸಹಾಯಕರನ್ನು ನೇರವಾಗಿ ಕೇಳಿ, ಬರವಣಿಗೆಯಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

ಪ್ರಶ್ನೆ: ರೋಟಾ ಮಾಡುವಾಗ ಪ್ರಜ್ಞೆ ತಪ್ಪಿಸುತ್ತಾರೆಯೇ? ಹೃದಯದೊಳಗೆ ಡ್ರಿಲ್ ಎಂದರೆ ಕೇಳಿಯೇ ಎದೆ ನಡುಗುತ್ತದೆ. (ಠಾಣೆಯ ಓದುಗರು)

ಉತ್ತರ: ಸಾಮಾನ್ಯವಾಗಿ ಇಲ್ಲ. ಮಣಿಕಟ್ಟಿನಲ್ಲೋ ತೊಡೆಸಂದಿಯಲ್ಲೋ ಸೂಜಿ ಚುಚ್ಚುವ ಜಾಗವನ್ನು ಮಾತ್ರ ಮರಗಟ್ಟಿಸುತ್ತಾರೆ. ಬೇಕೆನಿಸಿದರೆ ಆತಂಕ ತಗ್ಗಿಸಲು ಸ್ವಲ್ಪ ಔಷಧ ಕೊಡುತ್ತಾರೆ. ನಾಳದ ಒಳಮೈ ಸವೆಯುವುದು ನೋವಾಗಿ ತಿಳಿಯುವುದಿಲ್ಲ, ಆದರೆ ರಕ್ತದ ಹರಿವು ಕ್ಷಣಕಾಲ ತಗ್ಗಿದಾಗ ಎದೆ ಒತ್ತಿದಂತಾಗಬಹುದು, ಅದನ್ನು ಆಗಲೇ ಹೇಳಿಬಿಡಿ. ಬಲಗಡೆಯ ನಾಳದಲ್ಲಿ ಕೆಲಸವಿದ್ದರೆ ಹೃದಯದ ಬಡಿತ ನಿಧಾನವಾಗುವ ಸಂಭವವಿರುವುದರಿಂದ ತಾತ್ಕಾಲಿಕ ಪೇಸ್‌ಮೇಕರ್ ತಂತಿಯನ್ನು ಮೊದಲೇ ಇಟ್ಟುಕೊಳ್ಳುವುದುಂಟು. ಶಾಕ್‌ವೇವಿನಲ್ಲಿ ಕಿಡಿಯ ಲಯಕ್ಕೆ ಹೃದಯ ಒಂದೆರಡು ಬಡಿತ ಹೆಚ್ಚು ಹಾಕಬಹುದು, ನಿಲ್ಲಿಸಿದೊಡನೆ ಸರಿಹೋಗುತ್ತದೆ. ರೋಟಾದ ನಿಜವಾದ ಅಪಾಯಗಳು ನಾಳದಲ್ಲಿ ಹರಿವು ನಿಧಾನವಾಗುವುದು, ಅಪರೂಪಕ್ಕೆ ನಾಳ ತೂತಾಗುವುದು, ತುದಿ ಸಿಕ್ಕಿಕೊಳ್ಳುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಇವನ್ನು ನಿಮ್ಮ ಭಾಷೆಯಲ್ಲಿ ವಿವರಿಸಲು ಹೇಳಿ. ಮುಂಬಯಿಯ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ನರ್ಸೋ ವೈದ್ಯರೋ ಸಿಗುವುದು ಅಷ್ಟೇನೂ ಕಷ್ಟವಲ್ಲ.

ಪ್ರಶ್ನೆ: ಮಾಟುಂಗದಲ್ಲಿರುವ ನಮ್ಮ ಅತ್ತೆಯವರಿಗೆ ನಾಳದಲ್ಲಿ ಕ್ಯಾಲ್ಸಿಯಂ ಇದೆ ಎಂದ ಮೇಲೆ ಅವರು ಹಾಲು, ಮೊಸರು, ರಾಗಿ ಗಂಜಿ ಎಲ್ಲವನ್ನೂ ಬಿಟ್ಟಿದ್ದಾರೆ. ಮೂಳೆ ಸವೆತಕ್ಕೆ ಕೊಟ್ಟ ಮಾತ್ರೆಯನ್ನೂ ನಿಲ್ಲಿಸಲೇ ಎನ್ನುತ್ತಾರೆ.

ಉತ್ತರ: ಹಾಲು, ಮೊಸರು, ರಾಗಿ ಮತ್ತೆ ಶುರುವಾಗಲಿ. ನಾಳದ ಕ್ಯಾಲ್ಸಿಯಂ ಊಟದ ತಟ್ಟೆಯಿಂದ ನೇರವಾಗಿ ಬಂದು ಅಂಟಿಕೊಂಡದ್ದಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ದೌರ್ಬಲ್ಯ, ಧೂಮಪಾನ, ಹಳೆಯ ಉರಿಯೂತ ಇವುಗಳಿಂದ ಗೋಡೆಯ ಜೀವಕೋಶಗಳ ಸ್ವಭಾವವೇ ಬದಲಾಗಿ ಅಲ್ಲಿ ಕ್ಯಾಲ್ಸಿಯಂ ಕೂಡುತ್ತದೆ. ಹಾಲು ಬಿಟ್ಟರೆ ಅದು ಕರಗುವುದೂ ಇಲ್ಲ. ಕ್ಯಾಲ್ಸಿಯಂ ಮಾತ್ರೆಯ ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ, ಆದ್ದರಿಂದ ಮೂಳೆ ವೈದ್ಯರಿಗೂ ಹೃದಯ ವೈದ್ಯರಿಗೂ ಪರಸ್ಪರರ ಚೀಟಿ ತೋರಿಸಿ ಪ್ರಮಾಣ ಗೊತ್ತುಮಾಡಿಕೊಳ್ಳಿ. ಮೂತ್ರಪಿಂಡದ ರಕ್ತ ಪರೀಕ್ಷೆಯನ್ನು ಸ್ಟೆಂಟಿಗೆ ಮೊದಲು ಮಾಡಿಸಿಯೇ ಮಾಡಿಸುತ್ತಾರೆ, ಅದರ ಫಲಿತಾಂಶ ಇಲ್ಲಿಗೂ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ನನಗೆ ರೋಟಾ ಮಾಡಿ ಸ್ಟೆಂಟ್ ಹಾಕಿ ಮೂರು ತಿಂಗಳಾಯಿತು. ಹಲ್ಲು ಕೀಳಿಸಬೇಕು. ನಾಳವನ್ನು ಚೆನ್ನಾಗಿ ಸ್ವಚ್ಛ ಮಾಡಿಯೇ ಸ್ಟೆಂಟ್ ಕೂರಿಸಿದ್ದಾರಲ್ಲ, ರಕ್ತ ತೆಳುವಾಗುವ ಮಾತ್ರೆಗಳನ್ನು ಒಂದು ವಾರ ನಿಲ್ಲಿಸಬಹುದೇ? (ಮುಲುಂಡಿನ ಓದುಗರು)

ಉತ್ತರ: ನಿಲ್ಲಿಸಬೇಡಿ. ಸಿದ್ಧತೆ ಎಷ್ಟೇ ಚೆನ್ನಾಗಿ ಆಗಿದ್ದರೂ ಲೋಹದ ಮೇಲೆ ನಾಳದ ಒಳಪದರ ಬೆಳೆದು ಮುಚ್ಚುವವರೆಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇದ್ದೇ ಇರುತ್ತದೆ. ಸ್ಟೆಂಟಿನ ಔಷಧವೇ ಆ ಪದರ ಬೆಳೆಯುವುದನ್ನು ತುಸು ನಿಧಾನಗೊಳಿಸುತ್ತದೆ. ಆಸ್ಪಿರಿನ್ನಿನ ಜೊತೆ ಕ್ಲೋಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್, ಹೀಗೆ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತದ ನಂತರ ಹಾಕಿದ ಸ್ಟೆಂಟಾದರೆ ಹನ್ನೆರಡು ತಿಂಗಳು ನುಂಗಬೇಕು. ರಕ್ತಸ್ರಾವದ ಭಯವಿರುವವರಿಗೆ ಮಾತ್ರ ಹೃದಯ ವೈದ್ಯರು ಇದನ್ನು ಮೊಟಕುಗೊಳಿಸುತ್ತಾರೆ. ಒಂದೆರಡು ಹಲ್ಲು ಕೀಳುವುದನ್ನು ಈ ಮಾತ್ರೆಗಳು ನಡೆದಿರುವಾಗಲೇ ಮಾಡಬಹುದು: ದಂತ ವೈದ್ಯರು ಗಾಯಕ್ಕೆ ಹೊಲಿಗೆ ಹಾಕಿ ಹತ್ತಿಯಿಂದ ಹೆಚ್ಚು ಹೊತ್ತು ಒತ್ತಿ ಹಿಡಿಯುತ್ತಾರೆ, ರಕ್ತ ನಿಲ್ಲಿಸುವ ಔಷಧವನ್ನು ಅಲ್ಲಿಯೇ ಇಡುತ್ತಾರೆ. ಬೆಳಗಿನ ಹೊತ್ತಿಗೆ ಸಮಯ ಪಡೆದುಕೊಂಡರೆ, ರಕ್ತ ಜಿನುಗುವುದು ನಿಲ್ಲದಿದ್ದಲ್ಲಿ ಅದೇ ದಿನ ಮತ್ತೆ ಹೋಗಿ ತೋರಿಸಲು ಅನುಕೂಲ. ನೋವಿಗೆ ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ತೆಗೆದುಕೊಳ್ಳದೆ ಪ್ಯಾರಸಿಟಮಾಲ್ ಕೇಳಿ ಪಡೆಯಿರಿ.